ಸೆಣಬಿನ ಹೂವಿಗೆ ಕಟ್ಟಿದ ಕೆಂಪು ದಾರ

ದಸರಾ ರಜೆಯ ಕೊನೆಯ ಬುಧವಾರ ಬೆಳಿಗ್ಗೆ ನಾನು ಮತ್ತು ನನ್ನ ಹೆಂಡತಿ ಮಂಗಲಾ ಬೈಲಹೊಂಗಲದಿಂದ ಮೋಟಾರ್ ಸೈಕಲ್ ಮೇಲೆ ಹೊರಟೆವು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಹೀಗೆ ಒಂದು ಸುತ್ತು ಹಾಕಿ ಶನಿವಾರ ವಾಪಸು ಬರುವುದು ಎಂದು ಲೆಕ್ಕ. ಟ್ಯಾಂಕ್ ತುಂಬಿಸಿದ್ದೆ, ಚೈನಿಗೆ ಎಣ್ಣೆ ಬಿಟ್ಟಿದ್ದೆ, ಮಗಳನ್ನು ನಮ್ಮವ್ವನ ಹತ್ತಿರ ಬಿಟ್ಟಿದ್ದೆ. ಬಸ್ ನಿಲ್ದಾಣದ ಹಿಂದೆ ನನ್ನದೊಂದು ಗ್ಯಾರೇಜಿದೆ. ಅದನ್ನು ನಾಲ್ಕು ದಿನ ತಮ್ಮನಿಗೆ ಒಪ್ಪಿಸಿ, ಕೆಂಪು ಅರಿವೆ ಕಟ್ಟಿದ ಗಾಡಿಗಳಿಗೆ ಮೊದಲು ಕೈ ಹಾಕು, ಬಿಳಿ ಅರಿವೆಯವು ಮುಗಿದಿವೆ, ಅವನ್ನು ಮುಟ್ಟಬೇಡ ಎಂದು ಹೇಳಿ ಬಂದಿದ್ದೆ. ಇದು ನನ್ನ ಗ್ಯಾರೇಜಿನ ಹಳೆಯ ರೂಢಿ.

ಮಂಗಲಾ ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಾಳೆ. ಅವರೆ, ಅಲಸಂದಿ, ತೊಗರಿ, ಸೆಣಬು ಇಂಥ ದ್ವಿದಳ ಗಿಡಗಳ ಹೂವಿನ ಒಳಗಿನ ಕಟ್ಟಡಕ್ಕೂ ಅದಕ್ಕೆ ಬರುವ ಜೇನು ದುಂಬಿಗಳಿಗೂ ಏನು ಸಂಬಂಧ ಎಂದು ನೋಡುವುದು ಅವಳ ಹುಚ್ಚು. ಅವಳು ಹೊರಟದ್ದು ಹೂವು ನೋಡಲು. ನಾನು ಹೊರಟದ್ದು ಸುಧಾಕರ ಸರ್ ಅವರ ಜಾಗದಲ್ಲಿ ಕೂರಲು.

ಸುಧಾಕರ ಸರ್ ಪುಣೆಯಲ್ಲಿ ಇದೇ ವಿಷಯದ ಸಂಶೋಧನೆ ಮಾಡುತ್ತಾರೆ. ಹಿಂದಿನ ವಾರ ಜೀಪಿನಲ್ಲಿ ಬಂದು, ಮಂಗಲಾಳನ್ನೂ ಅವಳ ಕೆಲವು ವಿದ್ಯಾರ್ಥಿಗಳನ್ನೂ ಕರೆದುಕೊಂಡು ಇದೇ ತಾಲೂಕುಗಳನ್ನು ಸುತ್ತಿದ್ದರು. ಈ ಸಲವೂ ಅವರೇ ಬರಬೇಕಿತ್ತು, ಪುಣೆಯಿಂದ ಕರೆ ಬಂದು ಹೋಗಬೇಕಾಯಿತು. ಹೋಗುವ ಮುಂಚೆ ಒಂದು ಮಾತು ಹೇಳಿ ಹೋಗಿದ್ದರು. ರಾಯಬಾಗ ತಾಲೂಕಿನ ಪಾಲಬಾವಿಯಲ್ಲಿ ಶುರು ಮಾಡಿದ ಸಣ್ಣ ಪ್ರಯೋಗವನ್ನು ಮಂಗಲಾ ಸ್ವಂತವಾಗಿ ಮುಗಿಸಿ ದೀಪಾವಳಿಯೊಳಗೆ ಫಲಿತಾಂಶ ಕೊಟ್ಟರೆ, ಪುಣೆಯಲ್ಲಿ ಎರಡು ವರ್ಷದ ಕೆಲಸ ಅವಳದು. ನಾನು ಬೇಡ ಎಂದಿರಲಿಲ್ಲ. ಹೂಂ ಎಂದೂ ಇರಲಿಲ್ಲ.

ಸುಧಾಕರ ಸರ್ ನೋಡಲು ಬಹಳ ಚೆಂದವಿದ್ದಾರೆ ಎಂದು ತಿಳಿಯಬೇಡಿ. ಅರವತ್ತರ ಹತ್ತಿರದ, ಹೊಟ್ಟೆ ಬಂದ, ನಡೆದರೆ ಏದುಸಿರು ಬಿಡುವ ಮನುಷ್ಯ. ನನ್ನ ಸಂಕಟ ಅದೇ. ಚೆಲುವನಾಗಿದ್ದರೆ ಜಗಳ ತೆಗೆಯಲು ಒಂದು ನೆಪವಾದರೂ ಸಿಗುತ್ತಿತ್ತು. ಈ ಮನುಷ್ಯ ಒಂದು ಅಲಸಂದಿ ಹೂವು ಹಿಡಿದು ಮಾತು ಶುರು ಮಾಡಿದರೆ ನನ್ನ ಹೆಂಡತಿ ಉಸಿರು ಬಿಗಿಹಿಡಿದು ಕೇಳುತ್ತಾಳೆ. ನಾನು ಹನ್ನೊಂದು ವರ್ಷದಿಂದ ಮಾತಾಡುತ್ತಿದ್ದೇನೆ, ಅವಳು ಹಾಗೆ ಕೇಳಿದ್ದು ನೆನಪಿಲ್ಲ. ನನಗೆ ಹೊಟ್ಟೆಕಿಚ್ಚಾಗಿತ್ತು, ಅದನ್ನು ಬೇರೆ ಹೆಸರಿನಿಂದ ಕರೆಯುವುದರಲ್ಲಿ ಅರ್ಥವಿಲ್ಲ.

ಬೆಳಗಾವಿ ದಾಟಿ ಹೆದ್ದಾರಿ ಹಿಡಿದು, ಸಂಕೇಶ್ವರದಲ್ಲಿ ಚಹಾ ಕುಡಿದು ಚಿಕ್ಕೋಡಿ ಮುಟ್ಟುವಷ್ಟರಲ್ಲಿ ಮಧ್ಯಾಹ್ನವಾಯಿತು. ನೂರು ಕಿಲೋಮೀಟರಿಗಿಂತ ಮೇಲಾಗಿತ್ತು. ಬಿಸಿಲು ಚುರುಕಾಗಿತ್ತು. ಊರ ಹೊರಗಿನ ಖಾನಾವಳಿಯಲ್ಲಿ ಜೋಳದ ರೊಟ್ಟಿ, ಝುಣಕ, ಹಸಿ ಉಳ್ಳಾಗಡ್ಡಿ ಉಂಡೆವು. ಖಾನಾವಳಿಯಾತ ಮಂಗಲಾಳ ತಾಟಿಗೆ ಕೇಳದೆಯೇ ಇನ್ನೊಂದು ರೊಟ್ಟಿ ಹಾಕಿ, "ಹ್ವಾದ ವಾರ ಬಂದಿದ್ರೆಲ್ಲಾ ಮೇಡಮ್ಮಾರ? ಆ ಸಾಹೇಬ್ರು ಬಂದಿಲ್ಲೇನ್ರಿ? ಭಾಳ ಮಾತಿನ ಮನಷ್ಯಾರ್ರಿ ಅವರು," ಎಂದ. ನನ್ನ ತಾಟಿಗೆ ಅವನು ಏನೂ ಹಾಕಲಿಲ್ಲ.

ಖಾನಾವಳಿಯ ಹಿಂದೆ ಬೇಲಿಗುಂಟ ಅಲಸಂದಿ ಹಬ್ಬಿತ್ತು. ಮಂಗಲಾ ಒಂದು ಹೂವು ಕಿತ್ತು ನನಗೆ ಕೊಟ್ಟಳು. ನೋಡಿ ನೋಡಿ ಬೇಸತ್ತ ಹೂವು, ಆದರೆ ಆ ದಿನ ಮೊದಲ ಸಲ ಬಿಡಿಸಿ ನೋಡಿದೆ. ಐದು ದಳ. ಹಿಂದೆ ನೆಟ್ಟಗೆ ನಿಂತ ದೊಡ್ಡದು ಧ್ವಜ, ದೂರದಿಂದ ಜೇನಿಗೆ ಕಾಣುವ ಫಲಕ. ಎರಡೂ ಬದಿಗೆ ಎರಡು ರೆಕ್ಕೆ. ಅವುಗಳ ನಡುವೆ, ಎರಡು ದಳ ಕೂಡಿ ಹೊಲಿದಂತಾದ ದೋಣಿ. ಗಂಡು ಕೇಸರ, ಹೆಣ್ಣು ತುದಿ ಎಲ್ಲ ಆ ದೋಣಿಯೊಳಗೆ ಮುಚ್ಚಿಕೊಂಡಿರುತ್ತವೆ. ಮಕರಂದ ಇರುವುದು ಬುಡದಲ್ಲಿ.

"ಜೇನು ಬಂದು ಈ ರೆಕ್ಕಿ ಮ್ಯಾಲ ಕಾಲಿಡತೈತ್ರಿ," ಎಂದಳು. "ತಲಿ ಧ್ವಜಕ್ಕ ಆನಿಸಿ ಒಳಗ ನುಗ್ಗತೈತಿ. ರೆಕ್ಕಿ ಮತ್ತ ದೋಣಿ ಒಂದಕ್ಕೊಂದು ಕೊಂಡಿ ಹಾಕ್ಕೊಂಡಾವ. ರೆಕ್ಕಿ ಕೆಳಗ ಹ್ವಾದ್ರ ದೋಣೀನೂ ಕೆಳಗ ಹೋಗತೈತಿ. ಒಳಗಿಂದು ಹೊರಗ ಬಂದು ಜೇನಿನ ಹೊಟ್ಟಿಗೆ ತಾಗತೈತಿ."

ನಾನು ಹೆಬ್ಬೆರಳಿನಿಂದ ರೆಕ್ಕೆ ಒತ್ತಿದೆ. ದೋಣಿ ಕೆಳಗೆ ಜಾರಿತು, ತುದಿಯಲ್ಲಿ ಪರಾಗ ಮೆತ್ತಿದ ಸಣ್ಣ ಕುಂಚ ಹೊರಬಂತು. ಬೆರಳು ತೆಗೆದೆ, ಎಲ್ಲ ಮತ್ತೆ ಒಳಗೆ ಹೋಯಿತು. ಕ್ಲಚ್ ಲಿವರ್ ಒತ್ತಿ ಬಿಟ್ಟಂತೆ. ನನಗೆ ನಿಜಕ್ಕೂ ಖುಷಿಯಾಯಿತು. "ಇದು ಕ್ಲಚ್ ಅಲ್ಲೇನ ಮಂಗಲಾ!" ಎಂದೆ.

"ಸುಧಾಕರ ಸರ್ ಇದಕ್ಕ ಬಾಗಿಲಾ ಅಂತಾರ್ರಿ," ಎಂದಳು ಅವಳು.

ಹೂವನ್ನು ಬೇಲಿಗೆ ಎಸೆದು ಗಾಡಿ ಚಾಲೂ ಮಾಡಿದೆ.

ಸಂಜೆ ನಿಪ್ಪಾಣಿ ಸೇರಿದೆವು. ಚಿಕ್ಕೋಡಿಯಿಂದ ಇಪ್ಪತ್ತೈದು ಕಿಲೋಮೀಟರಿನ ಆಸುಪಾಸು. ದಾರಿಯ ಎರಡೂ ಕಡೆ ಸೋಯಾಬೀನ್ ಒಕ್ಕುವ ಮಶೀನುಗಳ ಧೂಳು. ಸೋಯಾಬೀನ್ ಹೂವು ಅರಳುವ ಮೊದಲೇ ಒಳಗೊಳಗೇ ಪರಾಗಸ್ಪರ್ಶ ಮುಗಿಸಿಕೊಳ್ಳುತ್ತದೆ, ಅದಕ್ಕೆ ಜೇನು ಬಂದರೂ ಅಷ್ಟೆ, ಬಿಟ್ಟರೂ ಅಷ್ಟೆ ಎಂದು ಹಿಂದಿನ ಸೀಟಿನಿಂದ ಮಂಗಲಾ ಹೇಳಿದಳು. ಹಾಗೆ ಇರುವುದು ಎಷ್ಟು ನೆಮ್ಮದಿ ಎಂದುಕೊಂಡೆ. ಪೇಟೆಯೊಳಗೆ ತಂಬಾಕಿನ ಗೋದಾಮುಗಳ ಘಾಟು ಮೂಗಿಗೆ ಬಡಿಯಿತು. ಲಾಡ್ಜಿನಲ್ಲಿ ಚೀಲ ಇಟ್ಟು, ಮಿಸಳ್ ಪಾವ್ ತಿಂದು ಬೇಗ ಮಲಗಿದೆವು.

ಗುರುವಾರ ಬೆಳಿಗ್ಗೆ ಹೆದ್ದಾರಿ ಹಿಡಿದು ಕೊಗನೊಳ್ಳಿಗೆ ಹೋದೆವು. ಮಹಾರಾಷ್ಟ್ರ ಅಲ್ಲಿಂದ ಕೂಗಳತೆ. ರಸ್ತೆಯ ಮೇಲೆ ಪುಣೆಗೆ ಎಷ್ಟು ದೂರ ಎಂದು ಬರೆದ ಹಸಿರು ಫಲಕವಿತ್ತು. ಮಂಗಲಾ ಅದನ್ನು ಓದಿದಳು ಎಂದು ಬೆನ್ನಿಗೇ ಗೊತ್ತಾಯಿತು. ನಾನು ಓದಲಿಲ್ಲ.

ಅಲ್ಲಿ ಒಬ್ಬ ಹೆಂಗಸು ಎಮ್ಮೆಗಳಿಗಾಗಿ ಕುದುರೆ ಮಸಾಲೆ ಬೆಳೆದಿದ್ದಳು. ಆ ಕಡೆ ಮರಾಠಿಯಲ್ಲಿ ಲಸೂಣ ಘಾಸ್ ಅನ್ನುತ್ತಾರೆ. ಹೂ ಬಿಡುವ ಮೊದಲೇ ಕೊಯ್ದು ದನಕ್ಕೆ ಹಾಕುವ ಮೇವು, ಒಂದು ಮಡಿ ಮಾತ್ರ ಬೀಜಕ್ಕೆಂದು ಬಿಟ್ಟಿದ್ದಳು. ನೇರಳೆ ಬಣ್ಣದ ಪುಟ್ಟ ಹೂವು. ಇದರ ದೋಣಿಯೊಳಗೆ ಸ್ಪ್ರಿಂಗ್ ಇದೆ. ಜೇನು ಒತ್ತಿದರೆ ಒಳಗಿನ ಕಂಬ ಟಪ್ಪನೆ ಜಿಗಿದು ಅದರ ತಲೆಗೆ ಬಡಿಯುತ್ತದೆ. ಒಮ್ಮೆ ಜಿಗಿದರೆ ಮುಗಿಯಿತು, ಮತ್ತೆ ಒಳಗೆ ಹೋಗುವುದಿಲ್ಲ. ಜೇನುಹುಳಕ್ಕೆ ಈ ಏಟು ಸಾಕಾಗಿ, ನೆಟ್ಟಗೆ ಕೂರದೆ ಪಕ್ಕದ ಸಂದಿಯಿಂದ ನಾಲಿಗೆ ಚಾಚಿ ಮಕರಂದ ಹೀರಿ ಹೋಗುತ್ತದೆ. ಹೂವಿನ ಕೆಲಸ ಮಾಡುವುದಿಲ್ಲ, ಕೂಲಿ ಮಾತ್ರ ಒಯ್ಯುತ್ತದೆ. ನಾನು ಮೊಣಕಾಲೂರಿ ನೋಡಿದೆ. ಒಂದಲ್ಲ ಎರಡಲ್ಲ, ಬಂದ ಜೇನುಗಳೆಲ್ಲ ಹಾಗೇ ಮಾಡುತ್ತಿದ್ದವು.

"ಕಳ್ಳವು," ಎಂದೆ.

"ಆ ಸರೂ ಹಿಂಗ ಮೊಣಕಾಲೂರಿ ನೋಡ್ತಿದ್ರು," ಎಂದಳು ಹೊಲದ ಹೆಂಗಸು. ಥಟ್ಟನೆ ಎದ್ದು ಪ್ಯಾಂಟಿನ ಮಣ್ಣು ಜಾಡಿಸಿಕೊಂಡೆ.

ಅಲ್ಲಿಂದ ಬೋರಗಾಂವದ ದಾರಿ ಹಿಡಿದು ಪೂರ್ವಕ್ಕೆ ಹೊರಟೆವು. ದಾರಿಯಲ್ಲಿ ಮಂಗಲಾಳಿಗೆ ಫೋನ್ ಬಂತು. ಸುಧಾಕರ ಸರ್. ಕುದುರೆ ಮಸಾಲೆಯ ಜೇನು ಹೇಗೆ ಕಳ್ಳತನ ಮಾಡುತ್ತದೆ ಎಂದು ಅವಳು ಮೈದುಂಬಿ ಹೇಳತೊಡಗಿದಳು. ನಾನು 'ಕಳ್ಳವು' ಅಂದದ್ದನ್ನು ತನ್ನ ಮಾತೆಂಬಂತೆ ಹೇಳಿದಳು, ಆ ಕಡೆಯಿಂದ ನಗು ಕೇಳಿಸಿತು. ಎಕ್ಸಿಲರೇಟರ್ ತಿರುವಿದೆ. ಗಾಳಿ ಜೋರಾದರೆ ಮಾತು ಕೇಳುವುದಿಲ್ಲ, ಫೋನ್ ಇಡುತ್ತಾರೆ ಎಂಬುದು ನನ್ನ ಎಣಿಕೆ. ಪವರ್‌ಲೂಮಿನ ಲಟಪಟ ಸದ್ದು ಬಂತು, ಹೋಯಿತು. ಬೋರಗಾಂವ ದಾಟಿದ ಮೇಲೆ ಎಡಕ್ಕೆ, ಕಬ್ಬಿನ ಮಗ್ಗುಲಲ್ಲಿ, ಸೊಂಟದೆತ್ತರದ ಸೆಣಬಿನ ಪಟ್ಟಿಯೊಂದು ಕಾಣಿಸಿತು. ತುದಿತುಂಬ ಮೊಗ್ಗು, ಇನ್ನೂ ಒಂದೂ ಅರಳಿರಲಿಲ್ಲ. ಸೆಣಬು ಕಂಡರೆ ನಿಲ್ಲಿಸಿ ಎಂದು ಅವಳು ಹೊರಡುವಾಗಲೇ ಹೇಳಿದ್ದಳು. ನಿಲ್ಲಿಸಿದರೆ ಗಾಳಿ ನಿಲ್ಲುತ್ತದೆ, ಮಾತು ಮುಂದುವರಿಯುತ್ತದೆ. ನಾನು ನಿಲ್ಲಿಸಲಿಲ್ಲ.

ರಾಯಬಾಗದಲ್ಲಿ ರಾತ್ರಿ ಕಳೆದು ಶುಕ್ರವಾರ ಬೆಳಿಗ್ಗೆ ಪಾಲಬಾವಿಗೆ ಹೋದೆವು. ಮಂಗಲಾಳ ಪ್ರಯೋಗವಿದ್ದದ್ದು ಅಪ್ಪಾಸಾಬ ಮತ್ತು ಅಕ್ಕಾತಾಯಿ ಎಂಬ ಗಂಡಹೆಂಡಿರ ಹೊಲದಲ್ಲಿ. ಈ ಸೀಮೆಯಲ್ಲಿ ಸೆಣಬು ಬಿತ್ತುವುದು ಕಬ್ಬಿಗೆ ಹಸಿರು ಗೊಬ್ಬರವಾಗಲೆಂದು. ಹೂ ಕಾಣಿಸಿಕೊಳ್ಳುವ ಹೊತ್ತಿಗೆ ಟ್ರ್ಯಾಕ್ಟರ್ ತಂದು ಮಣ್ಣೊಳಗೆ ಉತ್ತುಬಿಡುತ್ತಾರೆ. ಅದು ಅರಳಿ ಕಾಯಿ ಕಟ್ಟುವುದನ್ನು ಯಾರೂ ನಿಂತು ನೋಡುವುದಿಲ್ಲ. ಅಪ್ಪಾಸಾಬರು ಸುಧಾಕರ ಸರ್ ಮಾತಿಗೆ ಒಂದು ಪಟ್ಟಿ ಉಳಿಸಿದ್ದರು. ಉಳಿದದ್ದೆಲ್ಲ ಆಗಲೇ ಮಣ್ಣು ಸೇರಿತ್ತು.

ಚಹಾ ಕೊಡುತ್ತ ಅಕ್ಕಾತಾಯಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇವ್ರು ಸಾಹೇಬ್ರ ಆಫೀಸಿನ ಶಿಪಾಯಿ ಏನ್ರಿ ಮೇಡಮ್ಮಾರ?" ಎಂದು ಕೇಳಿದಳು.

"ಅಯ್ಯ, ನಮ್ಮ ಮನಿಯವರ್ರೀ," ಎಂದು ಮಂಗಲಾ ನಕ್ಕಳು. ಅಕ್ಕಾತಾಯಿ ನಾಲಿಗೆ ಕಚ್ಚಿಕೊಂಡು ನನಗೆ ಇನ್ನರ್ಧ ಕಪ್ ಹಾಕಿದಳು.

ಹೊಲದಲ್ಲಿ ಮಂಗಲಾ ನನಗೆ ಎಲ್ಲವನ್ನೂ ತೋರಿಸಿದಳು. ಮೊಗ್ಗಿದ್ದಾಗಲೇ ಕೆಲವು ಗೊಂಚಲುಗಳಿಗೆ ಬಲೆಯ ಚೀಲ ಕಟ್ಟಿದ್ದರು, ದುಂಬಿ ಒಳಗೆ ಹೋಗದಂತೆ. ಈಗ ಚೀಲದೊಳಗೇ ಹೂ ಅರಳಿದ್ದವು. ಬಿಳಿ ದಾರದ ಚೀಲಗಳ ಹೂವನ್ನು ದುಂಬಿಯ ಬದಲು ಅವಳೇ ಬೆರಳಿನಿಂದ ಒತ್ತಬೇಕು. ಕೆಂಪು ದಾರದ್ದನ್ನು ಯಾರೂ ಮುಟ್ಟಬಾರದು. ಕೊನೆಗೆ ಯಾವುದರಲ್ಲಿ ಕಾಯಿ ಬಂತು, ಯಾವುದರಲ್ಲಿ ಇಲ್ಲ ಎಂದು ನೋಡುವುದು. ಇದನ್ನೆಲ್ಲ ಈಗ ಇಷ್ಟು ಸ್ಪಷ್ಟವಾಗಿ ಬರೆಯುತ್ತಿದ್ದೇನೆ. ಆ ಹೊತ್ತಿಗೆ ನನ್ನ ಕಿವಿಗೆ ಹೋದದ್ದು ಅರ್ಧ. ಯಾಕೆಂದರೆ ಅವಳು ಮಾತು ಶುರು ಮಾಡಿದ್ದೇ "ಸುಧಾಕರ ಸರ್ ಏನ್ ಹೇಳ್ಯಾರಂದ್ರ" ಎಂದು. ಆ ಹೆಸರು ಬಂದೊಡನೆ ನನ್ನ ಕಿವಿ ತಾನಾಗಿಯೇ ಮುಚ್ಚಿಕೊಳ್ಳುವ ರೂಢಿಯಾಗಿತ್ತು.

ಅವಳು ಪಟ್ಟಿಯ ಆ ತುದಿಗೆ, ಬಯಲಿಗೆ ಬಿಟ್ಟ ಹೂಗಳಿಗೆ ಬರುವ ದುಂಬಿ ನೋಡಲು ಹೋದಳು. ನಾನು, ಅಪ್ಪಾಸಾಬರು, ಪಕ್ಕದ ಹೊಲದಿಂದ ಬಂದ ಇಬ್ಬರು ಇಲ್ಲಿ ನಿಂತೆವು.

"ಆ ಸರ್ ಎಷ್ಟ್ ಛಂದ ತಿಳಿಸಿ ಹೇಳ್ತಿದ್ರರೀ," ಎಂದರು ಅಪ್ಪಾಸಾಬರು. "ನಮಗ ಅರ್ಧ ತಿಳೀಲಿಲ್ಲ, ಆದ್ರೂ ಕೇಳಬೇಕನ್ನಸ್ತಿತ್ತು."

"ಅದರಾಗ ತಿಳೀದ ಏನೈತ್ರಿ? ಬರ್ರಿ, ನಾ ತೋರಸ್ತೀನಿ," ಎಂದೆ ನಾನು.

ಎದುರಿಗೇ ಕೆಂಪು ದಾರದ ಸಾಲಿತ್ತು. ಗ್ಯಾರೇಜಿನಲ್ಲಿ ಇಪ್ಪತ್ತು ವರ್ಷದಿಂದ ಕೆಂಪು ಕಂಡಲ್ಲಿಗೆ ಕೈ ಹೋಗಿ ಅಭ್ಯಾಸ. ಬಲೆಯ ಮೇಲಿನಿಂದಲೇ ಒಂದು ಹೂವನ್ನು ಹಿಡಿದು ರೆಕ್ಕೆ ಒತ್ತಿದೆ. ಸೆಣಬಿನ ದೋಣಿಗೆ ಉದ್ದನೆಯ ಮೂತಿ, ತುದಿಯಲ್ಲಿ ಸಣ್ಣ ತೂತು. ಒತ್ತಿದೊಡನೆ ಹಳದಿ ಪರಾಗ ಎಳೆಯಾಗಿ ಹೊರಬಂತು, ಚಕ್ಕಲಿಯ ಅಚ್ಚಿನಿಂದ ಹಿಟ್ಟು ಬಂದಂತೆ. ಪಕ್ಕದ ಹೊಲದವರು ಹೋ ಎಂದರು. "ಇದು ಪಂಪ್ ನೋಡ್ರಿ. ಒಳಗ ಪಿಸ್ಟನ್ ಐತಿ," ಎಂದೆ. "ಸಣ್ಣ ಜೇನಿಗೆ ಇದನ್ನ ಒತ್ತಾಕ ಬಲ ಸಾಲೂದಿಲ್ಲ. ಕರಿ ದುಂಬಿನ ಆಗಬೇಕು." ಅವರಿಗೆ ಕಾಣಲೆಂದು ಇನ್ನೊಂದು ಒತ್ತಿದೆ. ಆ ಸರ್‌ಗಿಂತ ಚೆನ್ನಾಗಿ ತಿಳಿಯಿತು ಎಂದು ಅಪ್ಪಾಸಾಬರು ಹೇಳಿದರು. ಆಮೇಲೆ ನನ್ನನ್ನು ಹಿಡಿಯುವವರಿರಲಿಲ್ಲ. ಸಾಲಿನ ತುದಿಯವರೆಗೂ ಒತ್ತುತ್ತ, ವಿವರಿಸುತ್ತ ಹೋದೆ. ನೋಡುವವರು ನನ್ನ ಹಿಂದೆ ಬಂದರು.

ಮಂಗಲಾ ಮರಳಿ ಬಂದಾಗ ಮೊದಲ ಕೆಂಪು ಚೀಲದ ಮುಂದೆ ನಿಂತಳು. ಎರಡನೆಯದರ ಮುಂದೆ ನಿಂತಳು. ಪ್ರತಿ ದೋಣಿಯ ಮೂತಿಯಲ್ಲೂ ಹಳದಿ ಎಳೆ ಇಣುಕುತ್ತಿತ್ತು. ಅವಳು ಕೂಗಾಡಲಿಲ್ಲ. ಅಪ್ಪಾಸಾಬರಿಗೆ ಸಿಟ್ಟು ಕಾಣಬಾರದೆಂದು ಮುಖ ತಿರುಗಿಸಿ ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದಳು.

"ಬೇಕಂತ ಮಾಡಿದ್ರೇನು?"

"ಇಲ್ಲ ಮಾರಾಯ್ತಿ. ಕೆಂಪು ಅಂದ್ರ ಕೈ ಹಚ್ಚೂದು ಅಂತ..."

"ನಾ ಹೇಳಿದ್ದೆ."

"ಹೇಳಿದ್ದಿ."

"ನಾ ಹೋಗೂದು ನಿಮಗ ಬ್ಯಾಡಾಗಿತ್ತು. ಅದನ್ನರೆ ಬಾಯಿ ಬಿಟ್ಟು ಹೇಳಬೇಕಿತ್ತು."

ಬೇಕಂತ ಮಾಡಿರಲಿಲ್ಲ. ಆದರೆ ಪ್ರಯೋಗ ಕೆಟ್ಟಿತು ಎಂದು ತಿಳಿದ ಕ್ಷಣದಲ್ಲಿ ನನ್ನ ಎದೆಯೊಳಗೆ ಏನೋ ಹಗುರಾದದ್ದು ನಿಜ. ಅದನ್ನು ಅವಳು ನನ್ನ ಮುಖದಲ್ಲಿ ನೋಡಿಬಿಟ್ಟಳೇನೋ. ಸೆಣಬಿನ ಹೆಣ್ಣು ತುದಿಗೆ ಏನಾದರೂ ಉಜ್ಜಿದರೆ ಮಾತ್ರ ಅಲ್ಲಿ ಪರಾಗ ಹಿಡಿಯುತ್ತದೆ, ದುಂಬಿ ಬಂದು ಉಜ್ಜದಿದ್ದರೆ ಕಾಯಿಲ್ಲ ಎಂದು ತೋರಿಸುವುದೇ ಅವಳ ಪ್ರಯೋಗ. ಮುಟ್ಟದೆ ಬಿಟ್ಟ ಹೂವೇ ಇಲ್ಲವಾದ ಮೇಲೆ ಏನನ್ನು ತೋರಿಸುವುದು? ಪಟ್ಟಿಯ ಉಳಿದ ಗಿಡಗಳಲ್ಲಿ ಆಗಲೇ ಎಳೆಗಾಯಿ ಬಿದ್ದಿದ್ದವು. ಹೊಸದಾಗಿ ಚೀಲ ಕಟ್ಟುವಷ್ಟು ಮೊಗ್ಗು ಇರಲಿಲ್ಲ.

ಕುಡಚಿ ಹತ್ತಿರ ಕೃಷ್ಣಾ ನದಿ ದಾಟಿದೆವು. ಮಳೆಗಾಲದ ಕೆಂಪು ಇನ್ನೂ ನೀರಿನಲ್ಲಿತ್ತು. ಸೇತುವೆ ಮೇಲೆ ಅವಳು ಯಾವಾಗಲೂ ನನ್ನ ಹೆಗಲು ಹಿಡಿಯುತ್ತಾಳೆ, ಆ ದಿನ ಹಿಂದಿನ ಕಬ್ಬಿಣದ ಹಿಡಿಕೆ ಹಿಡಿದಳು. ದಾರಿಯುದ್ದಕ್ಕೂ ಕಬ್ಬು. ಎಲ್ಲಾದರೂ ಸೆಣಬು ಕಂಡೀತೆಂದು ಇಬ್ಬರೂ ನೋಡುತ್ತಲೇ ಇದ್ದೆವು. ಕಂಡಲ್ಲೆಲ್ಲ ಉತ್ತು ಮುಗಿಸಿದ್ದರು, ಮಣ್ಣಿನಿಂದ ಹಸಿರು ಕಡ್ಡಿಗಳು ಚಾಚಿಕೊಂಡಿದ್ದವು.

ಅಥಣಿಯಲ್ಲಿ ನಾನು ಅವಳಿಗೊಂದು ಜೊತೆ ಚಪ್ಪಲಿ ತೆಗೆದುಕೊಂಡೆ. ಅಥಣಿಗೆ ಹೋಗಿ ಚಪ್ಪಲಿ ತರದವರುಂಟೆ? ಒಳ್ಳೆಯ ತೊಗಲು, ಕೈಹೊಲಿಗೆ, ಹೆಜ್ಜೆಯಿಟ್ಟರೆ ಕಿರ್ ಎನ್ನುವಂಥವು. ಅವಳು ನೋಡಿ, "ಚಲೋ ಅದಾವ," ಎಂದು ಚೀಲಕ್ಕೆ ಹಾಕಿದಳು. ಕಾಲಿಗೆ ಹಾಕಿಕೊಳ್ಳಲಿಲ್ಲ. ಲಾಡ್ಜಿನ ಕಿಟಕಿಯಾಚೆ ಒಂದು ತೊಗರಿ ಹೊಲ ಹಳದಿಯಾಗಿ ಹೂಬಿಟ್ಟಿತ್ತು. ಬೇರೆ ದಿನವಾಗಿದ್ದರೆ ನನ್ನನ್ನು ಎಳೆದುಕೊಂಡು ಹೋಗಿ ಅದರ ದೋಣಿ ಬಿಡಿಸಿ ತೋರಿಸುತ್ತಿದ್ದಳು. ಒಬ್ಬಳೇ ಹೋಗಿ ನೋಡಿ ಬಂದಳು. ಏನು ನೋಡಿದಳೆಂದು ನನಗೆ ಹೇಳಲಿಲ್ಲ. ಹೊಟ್ಟೆಕಿಚ್ಚಿಗಿಂತ ಅದು ಹೆಚ್ಚು ಸುಟ್ಟಿತು.

ಶನಿವಾರ ಕಾಗವಾಡ. ಅಥಣಿಯಿಂದ ಒಂದು ತಾಸಿನ ದಾರಿ, ನಡುನಡುವೆ ದ್ರಾಕ್ಷಿ ತೋಟಗಳು. ಬಸ್ ನಿಲ್ದಾಣದ ಎದುರಿನ ಅಂಗಡಿಯಲ್ಲಿ ಚಹಾ, ವಡಾಪಾವ್ ಹೇಳಿದೆವು. ಮಂಗಲಾ ಫೋನ್ ಹಿಡಿದು ಬೇವಿನ ಮರದ ಕೆಳಗೆ ಹೋದಳು. ಸುಧಾಕರ ಸರ್‌ಗೇ ಎಂದು ತಿಳಿಯಿತು. ನಾನು ಬೇಡವೆಂದುಕೊಂಡರೂ ಕಿವಿ ಅತ್ತಲೇ ಇತ್ತು. ಅವರೊಡನೆ ಅವಳು ಪುಸ್ತಕದ ಕನ್ನಡದಲ್ಲಿ ಮಾತಾಡುತ್ತಾಳೆ.

"ಪ್ರಯೋಗ ಕೆಟ್ಟಿತು ಸರ್... ಇಲ್ಲ ಸರ್, ತಪ್ಪು ನನ್ನದೇ. ದಾರದ ಬಣ್ಣ ನಾನೇ ಅದಲುಬದಲು ಮಾಡಿದೆ... ದೀಪಾವಳಿಯೊಳಗೆ ಆಗಲಿಕ್ಕಿಲ್ಲ ಸರ್. ಬೇರೆ ಯಾರನ್ನಾದರೂ ನೋಡಿಕೊಳ್ಳಿ."

ಅವಳು ನನ್ನ ತಪ್ಪನ್ನು ತನ್ನ ಮೇಲೆ ಹಾಕಿಕೊಂಡಳು. ಒಳ್ಳೆಯ ಗಂಡನಾಗಿದ್ದರೆ ಅಲ್ಲಿ ಕರಗಿಹೋಗಬೇಕಿತ್ತು. ನನಗೆ ಮೊದಲು ಅನ್ನಿಸಿದ್ದು, ನೋಡು, ಬೈಗುಳಕ್ಕೂ ನನ್ನ ಹೆಸರು ಅವರ ನಡುವೆ ಬರಲಿಲ್ಲವಲ್ಲ ಎಂದು. ಹೊಟ್ಟೆಕಿಚ್ಚಿಗೆ ಮಾನ ಮರ್ಯಾದೆ ಇರುವುದಿಲ್ಲ. ಆಮೇಲೆ ಅವಳು ಬಂದು ಕೂತು ತಣ್ಣಗಾದ ಚಹಾ ಕುಡಿದಳು. ಕಣ್ಣು ಕೆಂಪಾಗಿತ್ತು. ಹನ್ನೊಂದು ವರ್ಷದಲ್ಲಿ ಯಾವ ಹಟಕ್ಕೂ ಅಳದವಳು ಒಂದು ಹೂವಿಗಾಗಿ ಅತ್ತಿದ್ದಳು. ನಾನು ಗೆದ್ದಿದ್ದೆ. ಗೆದ್ದದ್ದು ಬಾಯಿಗೆ ಒಂದು ತುತ್ತೂ ಸೇರದಂತೆ ಮಾಡಿತು.

"ಬೋರಗಾಂವ ದಾಟಿದ ಮ್ಯಾಲ ಒಂದು ಸೆಣಬಿನ ಪಟ್ಟಿ ಐತಿ," ಎಂದೆ. "ಬರೇ ಮೊಗ್ಗ. ಒಂದೂ ಅರಳಿದ್ದಿಲ್ಲ."

ಅವಳು ಕಪ್ಪು ಕೆಳಗಿಟ್ಟಳು. "ಯಾವಾಗ ನೋಡಿದ್ರಿ?"

"ನೀ ಫೋನಿನ್ಯಾಗ ಇದ್ದಿ."

ನನ್ನತ್ತ ತಿರುಗಿದಳು. "ಅದಕ್ಕ ಅವತ್ತ ಗಾಡಿ ಅಷ್ಟ ಜೋರ ಹೊಡದ್ರಿ."

"ಹೂಂ."

"ಏಳ್ರಿ ಮತ್ತ," ಎಂದಳು. "ಅವರು ಟ್ರ್ಯಾಕ್ಟರ್ ಹಚ್ಚೂದರೊಳಗ ಮುಟ್ಟಬೇಕು." ಗಾಡಿ ಹತ್ತುವ ಮೊದಲು ಚೀಲದಿಂದ ಅಥಣಿ ಚಪ್ಪಲಿ ತೆಗೆದು ಕಾಲಿಗೆ ಹಾಕಿಕೊಂಡಳು.

ಅಂಕಲಿ, ಸದಲಗಾ ದಾಟಿ ಬೋರಗಾಂವ ಮುಟ್ಟುವವರೆಗೆ ಎಲ್ಲೂ ಗಾಡಿ ನಿಲ್ಲಿಸಲಿಲ್ಲ. ಪಟ್ಟಿ ಹಾಗೇ ಇತ್ತು. ಅಲ್ಲೊಂದು ಇಲ್ಲೊಂದು ಹೂವು ಅರಳಿತ್ತು, ಉಳಿದದ್ದೆಲ್ಲ ಮೊಗ್ಗು. ಅದರ ಧಣಿ ಊರೊಳಗೆ ಪವರ್‌ಲೂಮ್ ನಡೆಸುವ ಮಗದುಮ್ಮ ಕಾಕಾ. ಸೀರೆ ನೇಯುವ ಸದ್ದಿನ ನಡುವೆ ನಮ್ಮ ಮಾತು ಕೇಳಿಸದೆ ನಮ್ಮನ್ನು ಹೊರಗೆ ಕರೆದುಕೊಂಡು ಬಂದರು.

"ತಾಗ್ ಅಂದ್ರ ನೆಲಕ್ಕ ಹೋಗೂ ಮಾಲ್ರಿ. ಅದಕ್ಕ ಚೀಲ ಕಟ್ಟಿ ಏನ್ ಮಾಡ್ತೀರಿ?" ಎಂದರು. ಸೆಣಬಿಗೆ ಅಲ್ಲಿ ಮರಾಠಿಯ ಹೆಸರೇ. ಮಂಗಲಾ ಹೇಳಿದಳು. ಅವರು ತಲೆ ಕೆರೆದುಕೊಳ್ಳುತ್ತ ಕೇಳಿಸಿಕೊಂಡರು. "ಆತ್ರಿ, ಆ ಕಡೀ ಎರಡ ಸಾಲ ಬಿಡತೀನಿ. ಖರೇ, ಯಾರರೆ ಬಂದು ನೋಡ್ಕೋತ ಇರಬೇಕು. ಚೀಲ ಹಾರಿ ಹ್ವಾದ್ರ, ದನಾ ತಿಂದ್ರ ನನ್ನ ಮ್ಯಾಲ ಬರಬಾರ್ದು."

ಮಂಗಲಾಳಿಗೆ ಸೋಮವಾರದಿಂದ ಕಾಲೇಜು. ಅವಳು ನನ್ನ ಕಡೆ ನೋಡಿದಳು.

"ನಾ ಬರ್ತೀನ್ರಿ ಕಾಕಾ," ಎಂದೆ. "ಸೋಮವಾರಕ್ಕೊಮ್ಮೆ. ಗ್ಯಾರೇಜ್ ಬಂದ್ ಇರತೈತಿ. ಬಿಳಿವು ಒತ್ತೂದು ಹ್ಯಾಂಗ ಅಂತ ಇವಳ ಕಡೆ ಕಲೀತೀನಿ."

ಮಂಗಲಾ ತಂದಿದ್ದ ಬಲೆಯ ಚೀಲಗಳನ್ನು ಇಬ್ಬರೂ ಸೇರಿ ಕಟ್ಟಿದೆವು. ಬಿಳಿ ದಾರಕ್ಕೆ ಕಾಕಾ ಲೂಮಿನ ನೂಲು ಕೊಟ್ಟರು. ಕೆಂಪು ದಾರ ಮುಗಿದಿತ್ತು. ಗಾಡಿಯ ಸೀಟಿನ ಕೆಳಗೆ ನನ್ನ ಗ್ಯಾರೇಜಿನ ಕೆಂಪು ಅರಿವೆ ಇತ್ತು, ಎಣ್ಣೆ ಹತ್ತಿದ್ದು. ಅದನ್ನು ಸಣ್ಣಗೆ ಹರಿದು ಅವಳ ಕೈಗೆ ಕೊಟ್ಟೆ.

"ಕೆಂಪು ಅಂದ್ರ ಏನ್ರಿ?" ಎಂದು ಕೇಳಿದಳು, ಹುಬ್ಬು ಏರಿಸಿ.

"ಮುಟ್ಟಬಾರದು."

ಕಟ್ಟಿ ಮುಗಿಸುವಾಗ ಅರಳಿದ ಒಂದು ಹೂವಿಗೆ ಕರಿ ದುಂಬಿ ಬಂತು. ಹೆಬ್ಬೆರಳ ಗಾತ್ರದ್ದು. ರೆಕ್ಕೆಯ ಮೇಲೆ ಕಾಲಿಟ್ಟು, ಧ್ವಜಕ್ಕೆ ತಲೆ ಒತ್ತಿ ಒಳಗೆ ನುಗ್ಗಿತು. ದೋಣಿ ಕುಸಿಯಿತು, ಮೂತಿಯಿಂದ ಹಳದಿ ಎಳೆ ಬಂದು ಅದರ ಹೊಟ್ಟೆಗೆ ಮೆತ್ತಿತು. ಅದು ಮುಂದಿನ ಹೂವಿಗೆ ಹಾರಿತು. ಮಂಗಲಾ ನನ್ನ ತೋಳು ಹಿಡಿದುಕೊಂಡು, ಉಸಿರು ಬಿಗಿಹಿಡಿದು ನೋಡುತ್ತಿದ್ದಳು. ನಾನು ದುಂಬಿಯನ್ನೂ ನೋಡಿದೆ, ಅವಳನ್ನೂ ನೋಡಿದೆ.

ಸಂಕೇಶ್ವರ ಮುಟ್ಟುವ ಹೊತ್ತಿಗೆ ದೀಪ ಹಚ್ಚಿದ್ದರು. ಮನೆ ಮುಟ್ಟಿದಾಗ ಮಗಳು ಮಲಗಿದ್ದಳು. ಸುಧಾಕರ ಸರ್‌ಗೆ ಮಂಗಲಾ ಮರುದಿನ ಫೋನ್ ಮಾಡಿ, ಇನ್ನೊಂದು ಪಟ್ಟಿ ಸಿಕ್ಕಿದೆ, ಬೇರೆಯವರನ್ನು ನೋಡಬೇಡಿ ಎಂದಳು. ನಾನು ಆಗ ಗ್ಯಾರೇಜಿಗೆ ಹೋಗಿದ್ದೆ.

ಆಮೇಲಿನ ಸೋಮವಾರಗಳಲ್ಲಿ ಒಬ್ಬನೇ ಬೋರಗಾಂವಕ್ಕೆ ಹೋಗಿಬಂದೆ. ಬಿಳಿ ಚೀಲ ಬಿಚ್ಚಿ ಒಂದೊಂದೇ ಹೂವನ್ನು ಒತ್ತಿ ಮತ್ತೆ ಕಟ್ಟುತ್ತಿದ್ದೆ. ದೀಪಾವಳಿಗೆ ಮೊದಲಿನ ಸೋಮವಾರ ಕೆಂಪು ಅರಿವೆಯ ಸಾಲಿನ ಮುಂದೆ ಬಹಳ ಹೊತ್ತು ನಿಂತೆ. ಹೊಲದಲ್ಲಿ ಯಾರೂ ಇರಲಿಲ್ಲ. ತುದಿಯ ಚೀಲದೊಳಗೆ ತಡವಾಗಿ ಅರಳಿದ ಎರಡು ಹೂವಿದ್ದವು. ಎರಡು ಸಲ ಹೆಬ್ಬೆರಳು ಒತ್ತಿದ್ದರೆ ಸಾಕಿತ್ತು, ಕೆಂಪಿನಲ್ಲೂ ಕಾಯಿ ಕಟ್ಟಿ ಪ್ರಯೋಗ ಕೆಡುತ್ತಿತ್ತು, ಅವಳು ಪುಣೆಗೆ ಹೋಗುತ್ತಿರಲಿಲ್ಲ, ಯಾರಿಗೂ ತಿಳಿಯುತ್ತಲೂ ಇರಲಿಲ್ಲ. ಒಂದು ದುಂಬಿ ಹೊರಗಿನಿಂದ ಬಲೆಗೆ ಡಿಕ್ಕಿ ಹೊಡೆಯುತ್ತ, ಒಳಗೆ ಹೋಗಲಾಗದೆ ಸಿಟ್ಟಿನಿಂದ ಗುಂಯ್‌ಗುಡುತ್ತಿತ್ತು. ನಾನು ಎರಡೂ ಕೈ ಹಿಂದೆ ಕಟ್ಟಿಕೊಂಡು ಬಗ್ಗಿ ಬಗ್ಗಿ ನೋಡಿದೆ. ನೋಡಿ ಮುಗಿದ ಮೇಲೆ ರಸ್ತೆಗೆ ಬಂದು ಫೋನ್ ಮಾಡಿದೆ.

"ಕೆಂಪಿನ್ಯಾಗ ಒಂದೂ ಕಾಯಿ ಇಲ್ಲ, ಮಂಗಲಾ. ಬಿಳಿವುದರಾಗ ಅದಾವ. ಬಯಲಿಗೆ ಬಿಟ್ಟದ್ದರಾಗ ಗೊಂಚಲ ಗೊಂಚಲ ಅದಾವ."

"ಮುಟ್ಟಿಲ್ಲಲ್ಲಾ?"

"ಮುಟ್ಟಿಲ್ಲ."

"ಸರ್‌ಗೆ ಈಗ ಫೋನ್ ಮಾಡ್ತೀನ್ರಿ."

"ತಡಿ," ಎಂದೆ. "ಸಂಜೀಕ ಮಾಡು. ನಾ ಮನಿಗೆ ಬರೂತನಕ ಇದು ನಮ್ಮಿಬ್ಬರಿಗಷ್ಟ ಗೊತ್ತಿರಲಿ."

ಅವಳು ನಕ್ಕಳೋ ಅತ್ತಳೋ ತಿಳಿಯಲಿಲ್ಲ. "ಆತ್ರಿ," ಎಂದಳು.

ಆ ದಿನ ಬೋರಗಾಂವದಿಂದ ಬೈಲಹೊಂಗಲದವರೆಗೆ ಗಾಡಿಯನ್ನು ಬಹಳ ನಿಧಾನವಾಗಿ ಓಡಿಸಿದೆ.